ಕೇಳಿದರೆ ಇಲ್ಲವೆನ್ನದ ಊರಿನವ

ಮರಳಿನ ಮಧ್ಯೆ ಕೂತು ಬೋಲ್ಟು ನಟ್ಟು ನೋಡಿಕೊಳ್ಳುವವನ ಬದುಕಿನಲ್ಲಿ ನಗುವಂಥದ್ದು ಎಂತ ಉಂಟು ಅಂತ ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಅವರಿಗೆ ಗೊತ್ತಿಲ್ಲ. ಸೌದಿಯ ಅಬ್ಕೈಕ್‌ನ ನಮ್ಮ ಕ್ಯಾಂಪಿನಲ್ಲಿ ಒಂದು ನಗು ಚಪ್ಪಲಿ ಹಾಕಿಕೊಂಡು ಹೊರಡುವ ಮೊದಲೇ ಇನ್ನೊಂದು ಬಾಗಿಲು ತಟ್ಟಿರುತ್ತದೆ. ಅದರಲ್ಲೂ ಪೆಸಿಫಿಕ್ ಸಮುದ್ರದ ಆ ಮನುಷ್ಯ ಬಂದ ಮೇಲಂತೂ ಬಾಗಿಲು ಮುಚ್ಚಲಿಕ್ಕೇ ಪುರುಸೊತ್ತಾಗಲಿಲ್ಲ.

ನಾನು ಕಾರ್ಕಳದ ಕಡೆಯವನು, ಇಲ್ಲಿ ಒಂದು ಪಂಪು ರಿಪೇರಿ ಕಂಪನಿಯಲ್ಲಿ ಸ್ಟೋರ್‌ಕೀಪರ್. ನನ್ನದೊಂದು ಕಷ್ಟವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇಲ್ಲಿಗೆ ಬಂದು ತಲೆಕೂದಲು ಬೆಳ್ಳಗಾದರೂ ನನ್ನ ಹೆಂಡತಿ ಒಂದು ಸಲವೂ ಇಲ್ಲಿಗೆ ಬಂದಿರಲಿಲ್ಲ. ಈ ಸಲ ಕರೆಸುವುದೆಂದು ತೀರ್ಮಾನವಾಗಿತ್ತು. ಆದರೆ ಕ್ಯಾಂಪಿನಲ್ಲಿ ಗಂಡಸರಿಗೆ ಮಾತ್ರ ಜಾಗ. ಅವಳನ್ನು ಇಳಿಸಲಿಕ್ಕೆ ಒಂದು ಮನೆ ಬೇಕು, ಮನೆ ಕೊಡಬೇಕಾದವರು ನಮ್ಮ ಸೌದಿ ಮ್ಯಾನೇಜರು. ಅವರನ್ನು ಎಲ್ಲರೂ ಮುದೀರ್ ಅನ್ನುತ್ತಾರೆ. ಒಳ್ಳೆಯ ಜನ. ಕೇಳಿದರೆ ಕೊಟ್ಟಾರು. ಆದರೆ ಕೇಳಬೇಕಲ್ಲ! ನಮ್ಮ ಮನೆತನದಲ್ಲಿ ಪಕ್ಕದ ಮನೆಗೆ ಹೋಗಿ ಒಂದು ಹಿಡಿ ಉಪ್ಪು ಕೇಳಿದವರಿಲ್ಲ. ಉಪ್ಪಿಲ್ಲದ ಸಾರು ಉಂಡು ‘ಇವತ್ತು ರುಚಿ ಆಗಿದೆ’ ಅಂದವರು ನಾವು.

ಕೂದಲು

ಆ ಪೆಸಿಫಿಕ್ ಸಮುದ್ರದವನು ಬಂದದ್ದು ನನ್ನ ಸ್ಟೋರಿಗೆ ತಾಗಿದ ವರ್ಕ್‌ಶಾಪಿಗೆ. ದೊಡ್ಡ ಆಳು, ಗುಂಗುರು ಕೂದಲು, ನಕ್ಕರೆ ತಗಡಿನ ಮಾಡು ಅದುರಬೇಕು. ಪರದೇಶದ ಹಡಗುಗಳ ಇಂಜಿನ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದವನು ಅಂತ ಗೊತ್ತಾದದ್ದೇ ಅವನಿಗೆ ಕ್ಯಾಪ್ಟನ್ ಅಂತ ಹೆಸರಾಯಿತು. “ಕ್ಯಾಪ್ಟನ್ ಮೇಲಿರ್ತಾನೆ, ನಾನು ಕೆಳಗಿದ್ದವ” ಅಂತ ಅವನು ಹೇಳಿ ನೋಡಿದ. ಯಾರು ಕೇಳುತ್ತಾರೆ? ಅವನು ಮಾತಾಡುವುದು ಇಂಗ್ಲಿಷು, ನಾವು ಕ್ಯಾಂಪಿನ ಹಿಂದಿ, ನಡುವೆ ಅರಬ್ಬಿ. ಎಲ್ಲವನ್ನೂ ಇಲ್ಲಿ ನಮ್ಮ ಕನ್ನಡದಲ್ಲೇ ಬರೆಯುತ್ತೇನೆ.

ನಮ್ಮ ಮೆಸ್ಸಿನ ಅಡಿಗೆಯವರು ಉಳ್ಳಾಲದ ಬ್ಯಾರಿಗಳು, ಇಡೀ ಕ್ಯಾಂಪಿಗೆ ಕಾಕ. ಮೊದಲ ದಿನ ಅನ್ನ ಬಡಿಸುತ್ತಾ ಕೇಳಿದರು, “ನಿಮ್ಮ ಊರು ಯಾವುದು ಮಾರಾಯ್ರೆ?”

“ಕಿರಿಬಾಸ್. ನಕ್ಷೆಯಲ್ಲಿ ಕಿರಿಬಾಟಿ ಅಂತ ಬರೆದಿರ್ತದೆ.”

ಕಾಕ ಫೋನಿನಲ್ಲಿ ನಕ್ಷೆ ತೆಗೆದುಕೊಟ್ಟರು. ಕ್ಯಾಪ್ಟನ್ ಬೆರಳಿನಿಂದ ಹಿಗ್ಗಿಸಿದ. ನೀಲಿ. ಇನ್ನೂ ಹಿಗ್ಗಿಸಿದ. ಇನ್ನೂ ನೀಲಿ. ನಾನು ಸಾರು ಬಡಿಸಿಕೊಂಡು ಬಂದೆ, ಆಗಲೂ ನೀಲಿಯೇ. ಕಡೆಗೆ ಒಂದು ಬಾಗಿದ ಎಳೆ ಕಾಣಿಸಿತು. ಕಾಕ ನಾಚಿಕೊಂಡು, “ಕೂದಲು ಬಿದ್ದಿದೆ, ತಡೀರಿ” ಅಂತ ಏಪ್ರನ್ನಿನಲ್ಲಿ ಒರೆಸಿದರು.

“ಕೂದಲಲ್ಲ. ಅದೇ ನನ್ನ ಊರು, ತರಾವಾ” ಅಂದ ಕ್ಯಾಪ್ಟನ್.

ಆಮೇಲೆ ಅವನು ಹೇಳಿದ್ದು ಕೇಳಿ ನನ್ನ ಅನ್ನ ತಣ್ಣಗಾಯಿತು. ಆ ಎಳೆಯ ಮೇಲೆ ಒಂದೇ ರಸ್ತೆ. ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಕಡಲಕೆರೆ. ಮುಂಬಾಗಿಲು ತೆಗೆದರೂ ನೀರು, ಹಿಂಬಾಗಿಲು ತೆಗೆದರೂ ನೀರು. ದೇಶದ ಅರ್ಧದಷ್ಟು ಜನ ಇರುವುದು ಅಲ್ಲೇ. ಇಡೀ ದೇಶದಲ್ಲಿರುವುದು ಒಂದು ಲಕ್ಷಕ್ಕೆ ಚೂರುಪಾರು ಮೇಲೆ, ನಮ್ಮ ಒಂದು ತಾಲೂಕಿನ ಲೆಕ್ಕ. ಆದರೆ ಅವರ ದ್ವೀಪಗಳು ಚೆಲ್ಲಿಕೊಂಡಿರುವ ಸಮುದ್ರ ಹೆಚ್ಚುಕಡಿಮೆ ಭಾರತದಷ್ಟು ಅಗಲ! ನಾನು ಕರಾವಳಿಯವ, ಸಮುದ್ರ ನೋಡಿದ್ದೇನೆ ಅಂತ ಜಂಬ ಇತ್ತು. ನಮ್ಮಲ್ಲಿ ನೆಲ ಮುಗಿದ ಮೇಲೆ ಸಮುದ್ರ. ಅವರಲ್ಲಿ ಸಮುದ್ರವೇ ಊರು, ನೆಲ ಅಲ್ಲಲ್ಲಿ ಬಂದು ಕೂತ ನೆಂಟ.

ಕಾಕನಿಗೆ ಇನ್ನೂ ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಜೋರಾಗಿ ಒರೆಸಿದರು. ಎಳೆ ಅಲ್ಲೇ ಇತ್ತು.

“ಸಮುದ್ರವೂ ದಿನಾ ಒರೆಸಿ ನೋಡ್ತದೆ, ಇನ್ನೂ ಹೋಗ್ಲಿಲ್ಲ” ಅಂದು ಕ್ಯಾಪ್ಟನ್ ತಗಡು ಅದುರುವ ಹಾಗೆ ನಕ್ಕ.

ವಾಚಿನ ಕಥೆ

ನಮ್ಮ ಕಡೆಯವರಿಗೆ ತಮಾಷೆಗೆ ಕೇಳುವ ಅಭ್ಯಾಸ. ಕಾಕ ಒಂದು ದಿನ ಕ್ಯಾಪ್ಟನ್‌ನ ಕೈ ನೋಡಿ, “ವಾಚು ಚಂದ ಉಂಟು ಮಾರಾಯ್ರೆ, ನಂಗೆ ಕೊಡ್ತೀರಾ?” ಅಂದರು. ಇದಕ್ಕೆ ನಮ್ಮಲ್ಲಿ ಉತ್ತರ, “ವಾಚು ಸಾಕಾ, ಅಂಗಿಯೂ ಬೇಕಾ?” ಅಂತ. ಅಲ್ಲಿಗೆ ಇಬ್ಬರೂ ನಕ್ಕು ಮುಗಿಯಿತು.

ಕ್ಯಾಪ್ಟನ್ ವಾಚು ಬಿಚ್ಚಿ, ಸೌಟು ಹಿಡಿದ ಕಾಕನ ಕೈಗೆ ಕಟ್ಟಿ, ಊಟದ ತಟ್ಟೆ ಹಿಡಿದುಕೊಂಡು ಹೋದ.

ಮಾರನೆಯ ದಿನ ಕಾಕ ವಾಚು ಹಿಂದಕ್ಕೆ ಕೊಡಲು ಹೋದರೆ ಅವನ ಮುಖ ಬಾಡಿತು. “ನೀವು ಕೇಳಿದ್ರಿ, ನಾನು ಕೊಟ್ಟೆ. ಈಗ ಯಾಕೆ ಬೇಡ?” ಆಗ ನಮಗೆ ಅವರ ಪದ್ಧತಿ ಗೊತ್ತಾಯಿತು. ಅದರ ಹೆಸರು ಬುಬುಟಿ. ತನ್ನವರು ಅನ್ನಿಸಿಕೊಂಡವರು ಬಾಯಿಬಿಟ್ಟು ಒಂದು ವಸ್ತು ಕೇಳಿದರೆ ಅವರಲ್ಲಿ ಇಲ್ಲ ಅನ್ನುವ ಹಾಗಿಲ್ಲ. ಇಲ್ಲ ಅಂದರೆ ಮರ್ಯಾದೆ ಹೋಯಿತು. ಹೊಸ ಅಂಗಿ ತೊಟ್ಟು ಪೇಟೆಗೆ ಹೋದವನು ಯಾರದೋ ಹಳೆ ಅಂಗಿಯಲ್ಲಿ ಮನೆಗೆ ಬಂದರೂ ಹೆಂಡತಿ ಯಾಕೆ ಅಂತ ಕೇಳುವುದಿಲ್ಲ.

“ಹಾಗಾದ್ರೆ ಅಂಗಡಿ ಇಟ್ಟವನ ಗತಿ ಎಂತ?” ಅಂದರು ಕಾಕ.

“ಕಷ್ಟ. ನೆಂಟರು ಬರ್ತಾರಲ್ಲ.”

“ಅಂದ್ರೆ ನಿಮ್ಮಲ್ಲಿ ದೊಡ್ಡ ಸಾಹುಕಾರರೇ ಇಲ್ವಾ?”

“ಕಡಿಮೆ. ಹಸಿದು ಮಲಗುವವರೂ ಕಡಿಮೆ.”

ಈ ಮಾತನ್ನು ಅವನು ಹೆಮ್ಮೆಯಿಂದಲೂ ಹೇಳಲಿಲ್ಲ, ಊಟಕ್ಕೆ ಮಜ್ಜಿಗೆ ಉಂಟು ಅನ್ನುವ ಹಾಗೆ ಹೇಳಿದ. ಮತ್ತೆ ದೇಶ ನಡೆಯುವುದು ಹೇಗೆ? ತೆಂಗಿನಕಾಯಿ ಒಣಗಿಸಿ ಕೊಬ್ಬರಿ ಮಾಡುತ್ತಾರೆ, ಸರ್ಕಾರ ಕೊಳ್ಳುತ್ತದೆ. ಗಂಡಸರು ಪರದೇಶದ ಹಡಗು ಹತ್ತಿ ಮನೆಗೆ ಕಳಿಸುತ್ತಾರೆ, ಅದು ನಮ್ಮ ಹಾಗೆಯೇ. ಆದರೆ ದೊಡ್ಡ ಆದಾಯ ಬೇರೆ. ಅವರ ಕಡಲಿನಲ್ಲಿ ಟ್ಯೂನಾ ಮೀನು ಹಿಡಿಯಲಿಕ್ಕೆ ಬೇರೆ ದೇಶದ ಹಡಗುಗಳು ಪರವಾನಗಿಗೆ ದುಡ್ಡು ಕಟ್ಟಿ ಬರುತ್ತವೆ.

ಮೀನಿನ ವಿಷಯದಲ್ಲಿ ಯಾರ ಮಾತೂ ಕೇಳದ ಕಾಕ ಬಾಯಿಗೆ ಕೈಯಿಟ್ಟುಕೊಂಡರು. “ಸಮುದ್ರವನ್ನೇ ಬಾಡಿಗೆಗೆ ಕೊಟ್ಟು ಕೂತಿದ್ದಾರಲ್ಲ ಪುಣ್ಯಾತ್ಮರು! ನಮ್ಮ ಬಂದರಿನವರಿಗೆ ಇದು ಹೊಳೆಯಲೇ ಇಲ್ಲ.”

ವಾಚು ಮಾತ್ರ ಕಾಕನ ಕೈಯನ್ನು ಕೆಂಡದ ಹಾಗೆ ಸುಡುತ್ತಿತ್ತು. ಕ್ಯಾಪ್ಟನ್ ದಿನಕ್ಕೆ ಹತ್ತು ಸಲ ಅಡಿಗೆಮನೆಗೆ ಬಂದು “ಗಂಟೆ ಎಷ್ಟಾಯ್ತು?” ಅಂತ ಕೇಳಿ ಹೋಗುತ್ತಿದ್ದ. ಕಡೆಗೆ ಕಾಕನೇ ಕೈಮುಗಿದರು: “ಇದನ್ನು ನೀವು ನನ್ನ ಹತ್ರ ಕೇಳಿ ಮಾರಾಯ್ರೆ. ಇದು ನನ್ನ ಬುಬುಟಿ.” ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲವಲ್ಲ, ಕ್ಯಾಪ್ಟನ್ ಕೇಳಿದ. ಅವನು ಕೇಳಿದ್ದಕ್ಕೆ ಕಾಕ ಕೊಟ್ಟರು. ವಾಚು ವಾಪಸಾಯಿತು, ಯಾರ ಮರ್ಯಾದೆಯೂ ಹೋಗಲಿಲ್ಲ.

ಬೇಡ, ಬೇಡ

ಕ್ಯಾಪ್ಟನ್ ಊರಿನಿಂದ ಒಂದು ಬಾಟಲಿ ತಂದಿದ್ದ. ತೆಂಗಿನ ಹೊಂಬಾಳೆ ಕೊಯ್ದು ಇಳಿಸಿದ ಸಿಹಿರಸವನ್ನು ಗಟ್ಟಿಯಾಗಿ ಕುದಿಸಿದ ಪಾಕ. ಮುಚ್ಚಳ ತೆಗೆದಾಗ ನನಗೆ ಜೋನಿಬೆಲ್ಲದ ಪರಿಮಳ ಬಡಿಯಿತು. ಭೂಮಿಯ ಅಷ್ಟು ಆಚೆಯ ಊರಿನಲ್ಲಿ ನನ್ನ ಅಜ್ಜಿಯ ನೀರುದೋಸೆಯ ಪಕ್ಕದ ಬಟ್ಟಲು ಇದೆ ಅಂತ ಗೊತ್ತಾದಾಗ ಕಣ್ಣು ಒದ್ದೆಯಾಯಿತು.

“ತಗೊಳ್ಳಿ” ಅಂತ ನನ್ನ ಮುಂದಿಟ್ಟ.

ಕುಲಾಚಾರದಂತೆ ನಾನು, “ಬೇಡ, ಬೇಡ” ಅಂದೆ.

ಮುಂದೆ ಆಗಬೇಕಾದದ್ದು ನಿಮಗೆ ಗೊತ್ತು. ಅವನು “ಛೆ, ಸ್ವಲ್ಪ” ಅನ್ನಬೇಕು. ನಾನು “ಈಗಷ್ಟೇ ಚಾ ಆಯ್ತು” ಅನ್ನಬೇಕು. ಅವನು ಗದರಬೇಕು. ನಾನು “ಒಂದು ಚೂರು, ನಿಮ್ಮ ಸಮಾಧಾನಕ್ಕೆ” ಅಂತ ಕೈಯೊಡ್ಡಿ ಅರ್ಧ ಬಾಟಲಿ ಮುಗಿಸಬೇಕು. ಇದು ಸೃಷ್ಟಿಯ ನಿಯಮ.

ಕ್ಯಾಪ್ಟನ್ “ಸರಿ” ಅಂದು ಮುಚ್ಚಳ ಹಾಕಿದ.

ಇಷ್ಟು ವರ್ಷದಲ್ಲಿ ನನ್ನ ‘ಬೇಡ’ವನ್ನು ನಂಬಿದ ಮೊದಲ ಮನುಷ್ಯ ಅವನು. ಬಾಟಲಿ ಅವನ ಮೇಜಿನ ಮೇಲೆ, ನನ್ನ ಕಿಟಕಿಗೆ ನೇರ, ದಿನಾ ನನ್ನನ್ನು ನೋಡುತ್ತಾ ಕೂತಿರುತ್ತಿತ್ತು. ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದ. ನಾನು ಕೇಳಲಿಲ್ಲ. ಒಂದು ದಿನ ಬಾಟಲಿ ಮಾಯ. ಕಾಕ ಬುಬುಟಿ ಹೇಳಿ ಇಡಿಯದನ್ನೇ ಅಡಿಗೆಮನೆಗೆ ಒಯ್ದಿದ್ದರು. ಕಾಕನೇ ದೋಸೆ ಹೊಯ್ದು ನನ್ನನ್ನು ಕರೆದರು. “ಬೇಡ ಕಾಕ” ಅಂದೆ. “ಸುಮ್ನೆ ಕೂತ್ಕೊಳ್ಳಿ” ಅಂದರು. “ಹೊಟ್ಟೆ ತುಂಬಿದೆ” ಅಂದೆ. ಸೌಟು ಎತ್ತಿದರು. ಕೂತು ಏಳು ದೋಸೆ ತಿಂದೆ.

ನಾಗರಿಕತೆ ಅಂದರೆ ಅದು.

ನಾವೆಲ್ಲ ಒಂದೇ ಕುಟುಂಬ

ಮುದೀರ್ ಆಗಾಗ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಒಂದು ಭಾಷಣ ಮಾಡುತ್ತಾರೆ. ಕೊನೆಯ ಮಾತು ಯಾವಾಗಲೂ “ನಾವೆಲ್ಲ ಒಂದೇ ಕುಟುಂಬ” ಅಂತ. ನಾವು ಚಪ್ಪಾಳೆ ತಟ್ಟಿ ಕೆಲಸಕ್ಕೆ ಹೋಗುತ್ತೇವೆ. ಆ ಮಾತನ್ನು ನಂಬುವವನೊಬ್ಬ ಬರುತ್ತಾನೆ ಅಂತ ಅವರಿಗೂ ಗೊತ್ತಿರಲಿಲ್ಲ.

ಭಾಷಣ ಮುಗಿದ ದಿನವೇ ನಾನೂ ಕ್ಯಾಪ್ಟನ್ನೂ ಯಾವುದೋ ಬೇರಿಂಗಿನ ವಿಷಯಕ್ಕೆ ಅವರ ಆಫೀಸಿಗೆ ಹೋಗಿದ್ದೆವು. ಹೊಸ ಕುರ್ಚಿ ಬಂದಿತ್ತು. ಕಪ್ಪು ಚರ್ಮ, ಚಕ್ರ, ತಲೆಗೊಂದು ದಿಂಬು, ಬೇಕಾದ ಹಾಗೆ ಹಿಂದಕ್ಕೆ ಬಾಗುತ್ತದೆ. ಕ್ಯಾಪ್ಟನ್ ಅದನ್ನು ಕಣ್ತುಂಬ ನೋಡಿ, “ಈ ಕುರ್ಚಿ ನನಗೆ ಕೊಡ್ತೀರಾ?” ಅಂದ.

ಮುದೀರ್ ಎದೆಯ ಮೇಲೆ ಕೈಯಿಟ್ಟು ನಕ್ಕು, “ತಫದ್ದಲ್, ನಿನ್ನದೇ” ಅಂದರು. ಅದು ಇಲ್ಲಿಯವರ ದೊಡ್ಡತನ. ಏನನ್ನಾದರೂ ಮೆಚ್ಚಿದರೆ ‘ತೆಗೆದುಕೋ’ ಅನ್ನುತ್ತಾರೆ. ಕೇಳಿದವನು ‘ಅಯ್ಯೋ, ನಿಮಗೇ ಇರಲಿ, ದೇವರು ಇನ್ನೂ ಕೊಡಲಿ’ ಅನ್ನಬೇಕು. ಕ್ಯಾಪ್ಟನ್ “ಶುಕ್ರನ್, ಉಪಕಾರ ಆಯ್ತು” ಅಂದ. ಮುದೀರ್ ಎದ್ದು ನಿಂತ ಕೂಡಲೇ ಕುರ್ಚಿಯನ್ನು ತಳ್ಳಿಕೊಂಡು ಹೊರಟೇಬಿಟ್ಟ. ಸುಡುಬಿಸಿಲಲ್ಲಿ, ಅಂಗಳದ ಉದ್ದಕ್ಕೂ, ಚಕ್ರದ ಸದ್ದು ಮಾಡುತ್ತಾ.

“ನಾನು ಹೋಗಿ ತಂದುಬಿಡ್ತೇನೆ” ಅಂದೆ.

“ಐಬ್! ಕೊಟ್ಟದ್ದನ್ನು ವಾಪಸ್ ಕೇಳುವುದಾ? ನಾಚಿಕೆಗೇಡು” ಅಂದರು ಮುದೀರ್. ಮೂಲೆಯ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಅದು ಕಿರ್ ಅಂದಿತು.

ಒಂದು ವಾರ ತಡೆದರು. ಆಮೇಲೆ ಚಹಾದ ಲೋಟ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದರು, ಸುಮ್ಮನೆ ಕೆಲಸ ನೋಡಲಿಕ್ಕೆ ಅಂತ. ಕ್ಯಾಪ್ಟನ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ಮುದೀರ್ ಕೂತರು, ಹಿಂದಕ್ಕೆ ಬಾಗಿದರು, ಕಣ್ಣು ಮುಚ್ಚಿದರು. ಮಾರನೆಯ ದಿನವೂ ಬಂದರು.

ಹಾಗೆ ಕೂತಾಗಲೇ ಒಮ್ಮೆ ಕೇಳಿದರು, “ನಿನ್ನ ಊರಿನ ನೆಲ ಎಷ್ಟು ಎತ್ತರ ಇದೆ?” ಕ್ಯಾಪ್ಟನ್ ಕೈಯನ್ನು ತನ್ನ ತಲೆಯಿಂದ ಸ್ವಲ್ಪ ಮೇಲಕ್ಕೆ ಹಿಡಿದು, “ಹೆಚ್ಚಿನ ಕಡೆ ಇಷ್ಟೇ” ಅಂದ. ಮುದೀರರ ಲೋಟ ಬಾಯಿಯ ಹತ್ತಿರವೇ ನಿಂತಿತು. “ನಮ್ಮ ಮರಳಿನ ದಿಬ್ಬಗಳೇ ಇದಕ್ಕಿಂತ ಎತ್ತರ!” ದೊಡ್ಡ ಉಬ್ಬರ ಬಂದರೆ ಉಪ್ಪುನೀರು ಬಾವಿಗೆ ನುಗ್ಗುತ್ತದೆ, ಮುಂದಿನ ದಿನಕ್ಕೆ ಇರಲಿ ಅಂತ ಸರ್ಕಾರ ಫಿಜಿಯಲ್ಲಿ ಜಾಗ ತೆಗೆದಿಟ್ಟಿದೆ ಅಂತೆಲ್ಲ ಕ್ಯಾಪ್ಟನ್ ಹೇಳಿದ.

“ನೀನು ಹೋಗ್ತೀಯಾ?”

“ಮನೇಆಬಾದಲ್ಲಿ ನಮ್ಮ ಜಾಗ ಉಂಟಲ್ಲ, ಅದನ್ನು ಬಿಟ್ಟು ಹೇಗೆ ಹೋಗುದು?”

ಮನೇಆಬಾ ಅಂದರೆ ಊರಿಗೆಲ್ಲ ಒಂದು ದೊಡ್ಡ ಚಾವಡಿ. ಅದರಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ಕೂರುವ ಜಾಗ. ಆ ಮನೆಯ ಮನುಷ್ಯ ಹಡಗಿನಲ್ಲಿ ಎಷ್ಟೇ ವರ್ಷ ದೂರ ಇರಲಿ, ಅವನ ಮನೆಯ ಜಾಗದಲ್ಲಿ ಬೇರೆಯವರು ಕೂರುವುದಿಲ್ಲ. ತಲೆಯಷ್ಟು ಎತ್ತರದ ನೆಲದ ಮೇಲೆ, ಸಮುದ್ರ ದಿನಾ ಒರೆಸುವ ನೆಲದ ಮೇಲೆ, ಹೋದವನಿಗಾಗಿ ಜಾಗ ಕಾದಿಡುತ್ತಾರೆ! ಮುದೀರ್ ಕುರ್ಚಿಯ ಕೈಯನ್ನು ಮೆಲ್ಲಗೆ ಸವರುತ್ತಾ ಕೂತರು.

ಅಂದಿನಿಂದ ಮುದೀರರನ್ನು ಕಾಣಬೇಕಾದವರು ಯಾರೂ ಆಫೀಸಿಗೆ ಹೋಗುವುದಿಲ್ಲ, ವರ್ಕ್‌ಶಾಪಿಗೆ ಬರುತ್ತಾರೆ.

ಹತ್ತುವವರು ಹಾಡಬೇಕು

ಕ್ಯಾಪ್ಟನ್ ನೀರಿನ ಟ್ಯಾಂಕಿನ ಏಣಿ ಹತ್ತುವಾಗ ಗಟ್ಟಿಯಾಗಿ ಹಾಡುತ್ತಿದ್ದ. ಅವರಲ್ಲಿ ತೆಂಗಿನ ಮರ ಹತ್ತಿ ರಸ ಇಳಿಸುವವರು ತುದಿಯಲ್ಲಿ ಕೂತು ಹಾಡುತ್ತಾರಂತೆ, ಮೇಲೊಬ್ಬ ಇದ್ದಾನೆ ಅಂತ ಕೆಳಗಿನವರಿಗೆ ತಿಳಿಯಲಿ ಅಂತ. ಸಂಜೆ ಹೊತ್ತಿಗೆ ಊರಿನ ಮರಮರವೂ ಹಾಡುತ್ತದೆ ಅಂತ ಅವನು ಹೇಳುವಾಗ ನಾನು ಕಣ್ಣು ಮುಚ್ಚಿ ಕೇಳಿದ್ದೆ.

ನಮ್ಮ ಸುರಕ್ಷತೆಯ ಅಧಿಕಾರಿ ಮೊದಲು ಸಿಡುಕಿದರು. ಮೇಲೆ ಆಳು ಇದ್ದಾನೆ ಅಂತ ಗೊತ್ತಾಗುವುದು ಒಳ್ಳೆಯದೇ ಅಂತ ಆಮೇಲೆ ಹೊಳೆಯಿತು, ಎತ್ತರ ಹತ್ತುವವರೆಲ್ಲ ಹಾಡಬೇಕು ಅಂತ ಆಜ್ಞೆ ಮಾಡಿದರು. ಈಗ ನೇಪಾಳಿ ಎಲೆಕ್ಟ್ರಿಶಿಯನ್ ಕಂಬದ ಮೇಲೆ ಒಂದು, ಪಾಕಿಸ್ತಾನಿ ಪೈಂಟರ್ ಗೋಡೆಯ ಮೇಲೆ ಇನ್ನೊಂದು. ಕಾಕನ ಕಂಠ ಭಗವಂತನಿಗೇ ಪ್ರೀತಿ. ಅಟ್ಟದಿಂದ ಅಕ್ಕಿಚೀಲ ಇಳಿಸಲಿಕ್ಕೆ ಅವರು ಸ್ಟೂಲು ಹತ್ತಿದ ದಿನ ಮಾತ್ರ ಅಧಿಕಾರಿಯೇ ಓಡಿಬಂದು ಹೇಳಿದರು: “ಕಾಕ, ನೀವು ಬಿದ್ದರೂ ಅಡ್ಡಿಯಿಲ್ಲ.”

ಬರುವ ವರ್ಷದಿಂದ ಫೋನು

ಡಿಸೆಂಬರಿನ ಕೊನೆಯ ದಿನ, ಮಧ್ಯಾಹ್ನ ಮೂರು ಗಂಟೆ. ಚಹಾ ಕುಡಿಯುತ್ತಿರುವಾಗ ಕ್ಯಾಪ್ಟನ್‌ಗೆ ತರಾವಾದಿಂದ ಹೆಂಡತಿಯ ಫೋನು. ಆ ಕಡೆ ಹಾಡು, ಗದ್ದಲ. “ಅಲ್ಲಿ ಹೊಸ ವರ್ಷ ಬಂತು” ಅಂದ. ಅವರ ದೇಶದ್ದೇ ಇನ್ನೊಂದು ತುದಿಯ ದ್ವೀಪಗಳಿಗೆ ಅದಕ್ಕೂ ಮೊದಲೇ ಬಂದಾಗಿತ್ತು. ಇಡೀ ಭೂಮಿಯಲ್ಲಿ ಅವರದ್ದೇ ಮೊದಲು!

ಕಾಕ ಲೋಟ ಕೆಳಗಿಟ್ಟರು. “ಅಂದ್ರೆ ಆಯಮ್ಮ ಮಾತಾಡ್ತಿರುವುದು ಬರುವ ವರ್ಷದಿಂದ?”

“ಹೌದು.”

“ಅಲ್ಲಿ ಎಲ್ಲ ಹೇಗುಂಟಂತೆ? ನನ್ನ ಮೊಣಕಾಲು ನೋವು ಕಡಿಮೆ ಆಯ್ತಾ ಕೇಳಿ.”

ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬನಿಗೆ ಇಲ್ಲಿರಲಿಕ್ಕೆ ಬೇಕಾದ ಇಕಾಮಾ ಪರವಾನಗಿ ರಿನ್ಯೂ ಆಗಿದೆಯಾ ತಿಳಿಯಬೇಕು, ಇನ್ನೊಬ್ಬನಿಗೆ ಹುಡುಗಿ ಸಿಕ್ಕಿದಳಾ. ಆಯಮ್ಮ ನಗುತ್ತಾ ಎಲ್ಲರಿಗೂ “ಆಗಿದೆ, ಆಗಿದೆ” ಅನ್ನುತ್ತಿದ್ದಳು. ನನ್ನ ಸರದಿ ಬಂದಾಗ ನಾನೂ ಮೆಲ್ಲಗೆ, “ನನ್ನ ಹೆಂಡತಿ ಇಲ್ಲಿಗೆ ಬಂದಳಾ? ಮುದೀರ್ ಮನೆ ಕೊಟ್ಟರಾ?” ಅಂದೆ.

ಬರುವ ವರ್ಷದಿಂದ ಉತ್ತರ ಬಂತು:

“ನೀವು ಕೇಳಿದ್ರಾ?”

ಎಲ್ಲ ಚೆನ್ನಾಗಿದೆ

ವೀಸಾ ಬಂತು. ಟಿಕೇಟೂ ಆಯಿತು. ನಾನು ಇನ್ನೂ ಕೇಳಿರಲಿಲ್ಲ.

ಪ್ರಯತ್ನ ಮಾಡಲಿಲ್ಲ ಅಂತಲ್ಲ. ವರ್ಕ್‌ಶಾಪಿನಲ್ಲಿ ಕುರ್ಚಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮುದೀರ್ ತಾವಾಗಿಯೇ, “ಏನಾದರೂ ಬೇಕಿತ್ತಾ?” ಅನ್ನುತ್ತಿದ್ದರು. ಇದಕ್ಕಿಂತ ಬಾಗಿಲು ತೆರೆಯಲಿಕ್ಕುಂಟಾ? ನನ್ನ ಬಾಯಿ ಮಾತ್ರ ತನ್ನಷ್ಟಕ್ಕೆ, “ಇಲ್ಲ ಇಲ್ಲ, ಎಲ್ಲ ಚೆನ್ನಾಗಿದೆ” ಅನ್ನುತ್ತಿತ್ತು. ಇನ್ನೊಮ್ಮೆ ಒತ್ತಾಯ ಮಾಡುತ್ತಾರೆ ಅಂತ ಕಾಯುತ್ತಿದ್ದೆ. ಅವರು “ಅಲ್ ಹಮ್ದುಲಿಲ್ಲಾ, ದೇವರ ದಯೆ” ಅಂದು ಚಹಾ ಕುಡಿಯುತ್ತಿದ್ದರು. ನನ್ನ ‘ಬೇಡ’ವನ್ನು ನಂಬಿದ ಎರಡನೆಯ ಮನುಷ್ಯ.

ಹೆಂಡತಿ ದಿನಾ ಫೋನಿನಲ್ಲಿ, “ಕೇಳಿದ್ರಾ?”

“ನಾಳೆ.”

“ನನ್ನನ್ನು ಎಲ್ಲಿ ಇಡ್ತೀರಿ? ನಿಮ್ಮ ಬೋಲ್ಟಿನೊಟ್ಟಿಗೆ ಸ್ಟೋರಿನ ಕಪಾಟಿನಲ್ಲಾ? ಆಗದಿದ್ರೆ ಹೇಳಿ, ನಾನು ಬರುವುದಿಲ್ಲ. ಇಷ್ಟು ವರ್ಷ ಬಾರದೆ ಇದ್ದವಳಿಗೆ ಇನ್ನು ಎಂತ!”

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಅಳು ಬರುವ ಹಾಗಾಯಿತು. ಪಕ್ಕದಲ್ಲಿ ಪಂಪು ಬಿಚ್ಚುತ್ತಿದ್ದ ಕ್ಯಾಪ್ಟನ್ ನನ್ನ ಮುಖ ನೋಡಿ ವಿಷಯ ಕೇಳಿದ. ಹೇಳಿದೆ. ಅವನಿಗೆ ಅರ್ಥವೇ ಆಗಲಿಲ್ಲ.

“ಕೇಳ್ಲಿಕ್ಕೆ ನಾಚಿಕೆಯಾ? ನಮ್ಮಲ್ಲಿ ಕೇಳದಿದ್ರೆ ಅವಮಾನ. ಕೇಳದಿದ್ರೆ, ನೀನು ನನ್ನವನಲ್ಲ ಅಂತ ಹೇಳಿದ ಹಾಗೆ.”

ಇಷ್ಟು ಹೇಳಿ ನನ್ನ ಕೈ ಹಿಡಿಯದೆ ರಟ್ಟೆಯನ್ನೇ ಹಿಡಿದು ಕುರ್ಚಿಯ ಮುಂದೆ ಒಯ್ದು ನಿಲ್ಲಿಸಿದ. “ಮುದೀರ್, ಇವರ ಹೆಂಡತಿ ಬರ್ತಾರೆ. ಒಂದು ಮನೆ ಬೇಕು. ನಾನು ಕೇಳ್ತಾ ಇದ್ದೇನೆ.”

ಮುದೀರ್ ನನ್ನನ್ನೇ ನೋಡಿದರು. “ನಾನು ದಿನಾ ಕೇಳಿದೆನಲ್ಲ? ಎಲ್ಲ ಚೆನ್ನಾಗಿದೆ ಅಂದೆಯಲ್ಲ?”

ನನ್ನ ಬಾಯಿ ಮತ್ತೆ “ಎಲ್ಲ ಚೆ…” ಅಂತ ಶುರು ಮಾಡಿತು. ಕ್ಯಾಪ್ಟನ್ ದೊಡ್ಡ ಕೈಯಿಂದ ಅದನ್ನು ಮುಚ್ಚಿದ.

ಮುದೀರ್ ಜೇಬಿನಿಂದ ಕೀಲಿಗೊಂಚಲು ತೆಗೆದರು. ಅವರ ಮನೆಯ ಪಾಗಾರದ ಗೋಡೆಗೆ ತಾಗಿಯೇ ಅವರದ್ದೊಂದು ಸಣ್ಣ ಮನೆ ಖಾಲಿ ಇತ್ತಂತೆ. ಒಂದು ಕೀಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಕೆಮ್ಮಿ, ಗಡ್ಡ ಸವರಿ, ಕ್ಯಾಪ್ಟನ್ ಕಡೆ ತಿರುಗಿದರು.

“ಈಗ ನಾನೂ ಒಂದು ಕೇಳಬಹುದಾ?”

“ಕೇಳಿ.”

“ಈ ಕುರ್ಚಿ…”

ಮಾತು ಮುಗಿಯುವ ಮೊದಲೇ ಕ್ಯಾಪ್ಟನ್ “ತಫದ್ದಲ್” ಅಂದ. ಮುದೀರ್ ಯಾರ ಕೈಗೂ ಕೊಡದೆ ತಾವೇ ಕುರ್ಚಿಯನ್ನು ತಳ್ಳಿಕೊಂಡು ಅಂಗಳ ದಾಟಿದರು. ಸೀಟಿನ ಮೇಲೆ ಅವರ ಚಹಾದ ಲೋಟ ಒಂದೇ ರಾಜನ ಹಾಗೆ ಕೂತು ಹೋಯಿತು.

ನೋಡುವ

ಹೆಂಡತಿ ಬಂದಳು. ಮೊದಲ ದಿನ ಕ್ಯಾಪ್ಟನ್ ಹುರಿದ ಮೀನು ತಂದು ಮುಂದಿಟ್ಟಾಗ “ಬೇಡ, ಬೇಡ” ಅಂದಳು. ಅವನು ಮುಚ್ಚಿ ಹಿಂದಕ್ಕೆ ಒಯ್ದ. ಎರಡನೆಯ ದಿನ ಅವನು ಬಾಗಿಲಲ್ಲಿ ಕಂಡ ಕೂಡಲೇ ಅವಳೇ ತಟ್ಟೆ ಹಿಡಿದು ನಿಂತಳು. ನಾನು ಇಷ್ಟು ಕಾಲದಲ್ಲಿ ಕಲಿಯದ್ದನ್ನು ಅವಳು ಒಂದು ಮೀನಿನಲ್ಲಿ ಕಲಿತಳು.

ಮುದೀರರ ಹೆಂಡತಿಗೂ ಅವಳಿಗೂ ಒಂದೇ ಒಂದು ಭಾಷೆ ಸಮಾನವಾಗಿ ಬಾರದು. ಆದರೂ ಇಬ್ಬರೂ ಹೊತ್ತುಗಟ್ಟಲೆ ಮಾತಾಡುತ್ತಿದ್ದರು. ಪಾಗಾರದ ಮೇಲಿನಿಂದ ಈ ಕಡೆಯ ನೀರುದೋಸೆ ಆ ಕಡೆಗೆ, ಆ ಕಡೆಯ ಖಬ್ಸಾ ಅನ್ನ ಈ ಕಡೆಗೆ.

ವೀಸಾದ ದಿನ ಮುಗಿದು ಅವಳು ಹೊರಡುವ ದಿನ ಬಂತು. ಕ್ಯಾಪ್ಟನ್ ಪೆಟ್ಟಿಗೆಗಳನ್ನು ಕಾರಿಗೆ ತುಂಬುತ್ತಿದ್ದ. ಕಾಕ ದಾರಿಗೆ ಬುತ್ತಿ ತಂದಿದ್ದರು. ಮುದೀರ್ ಖರ್ಜೂರದ ಡಬ್ಬ ಹಿಡಿದು ಬೀಳ್ಕೊಡಲು ಬಂದಿದ್ದರು. ಹೆಂಡತಿ ಕಾರು ಹತ್ತುವ ಬದಲು ನನ್ನ ಮುಂದೆ ಬಂದು ನಿಂತಳು. ಎಲ್ಲರಿಗೂ ಗೊತ್ತಾಗಲಿ ಅಂತ ಹಿಂದಿಯಲ್ಲೇ ಹೇಳಿದಳು.

“ನಾನು ಇಷ್ಟು ವರ್ಷ ನಿಮ್ಮ ಹತ್ರ ಎಂತದೂ ಕೇಳ್ಲಿಲ್ಲ. ಇವತ್ತು ಒಂದು ಕೇಳ್ತೇನೆ.”

ಬಳೆಯೋ ಸರವೋ ಇರಬೇಕು ಅಂದುಕೊಂಡು, “ಕೇಳು ಕೇಳು” ಅಂದೆ ದೊಡ್ಡ ಮನಸ್ಸು ಮಾಡಿ.

“ಮಕ್ಕಳ ಓದು ಮುಗೀತು. ಮನೆ ಕಟ್ಟಿ ಆಯ್ತು. ಇನ್ನು ಇಲ್ಲಿ ಯಾರಿಗಾಗಿ ಇರ್ತೀರಿ? ಊರಿಗೆ ಬನ್ನಿ. ಮನೆಯ ಚಾವಡಿಯಲ್ಲಿ ನಿಮ್ಮ ಜಾಗ ಖಾಲಿ ಇಟ್ಟಿದ್ದೇನೆ. ಹೆಚ್ಚು ತಡ ಮಾಡ್ಬೇಡಿ, ಈಗೀಗ ಬೆಕ್ಕು ಬಂದು ಮಲಗ್ತಾ ಉಂಟು.”

ಆದರೆ ನನ್ನ ಬಾಯಿ ಉಂಟಲ್ಲ, ಅದು ಹಳೆಯ ಅಭ್ಯಾಸದಂತೆ, “ನೋಡುವ” ಅಂದಿತು.

“ನೋಡುವ ಅಂದ್ರೆ ಎಂತ?” ಅಂತ ಕ್ಯಾಪ್ಟನ್ ಕೇಳಿದ.

“ಇಲ್ಲ ಅಂತ” ಅಂದಳು ಹೆಂಡತಿ.

“ನಮ್ಮಲ್ಲಿ ಅದಕ್ಕೆ ಬುಕ್ರಾ, ನಾಳೆ ಅನ್ನುತ್ತೇವೆ” ಅಂದರು ಮುದೀರ್.

ಕ್ಯಾಪ್ಟನ್ ಪೆಟ್ಟಿಗೆ ಕೆಳಗಿಟ್ಟು ನನ್ನ ಕಡೆ ನೋಡಿದ. “ಅವರು ಕೇಳಿದ್ರು” ಅಂದ, ಅಷ್ಟೇ. ಹಿಂದೊಮ್ಮೆ ವಾಚಿನ ವಿಷಯಕ್ಕೆ ಬಾಡಿತ್ತಲ್ಲ, ಅದೇ ಮುಖ. ತಲೆಯೆತ್ತರದ ನೆಲದ ಮೇಲೆ ಅವನಿಗಾಗಿ ಜಾಗ ಕಾದಿಟ್ಟ ಆ ಜನರೆಲ್ಲ ಅವನ ಬೆನ್ನ ಹಿಂದೆ ನಿಂತು ನನ್ನನ್ನು ನೋಡಿದ ಹಾಗಾಯಿತು.

“ಆಯ್ತು, ಬರ್ತೇನೆ” ಅಂದೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಕಾಕ ನನಗಿಂತ ಜೋರಾಗಿ ಅತ್ತರು.

ಮುದೀರ್ ಖರ್ಜೂರದ ಡಬ್ಬ ಕಾರಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು. “ಕುರ್ಚಿ ಕೇಳಿದ, ಕೊಟ್ಟೆ. ಮನೆ ಕೇಳಿದ, ಕೊಟ್ಟೆ. ಈಗ ಸ್ಟೋರ್‌ಕೀಪರೂ ಹೋದ. ಕ್ಯಾಪ್ಟನ್, ಕುಟುಂಬದವನಾಗಿ ನಾನು ನಿನ್ನ ಹತ್ತಿರ ಕಡೆಯದಾಗಿ ಒಂದು ಕೇಳುತ್ತೇನೆ. ಈ ಬುಬುಟಿಯ ವಿಷಯ ಯಾವ ಕಾರಣಕ್ಕೂ ನನ್ನ ಮನೆಯವಳ ಕಿವಿಗೆ ಬೀಳಬಾರದು.”

ಕ್ಯಾಪ್ಟನ್ ಒಪ್ಪಿ ತಲೆಯಾಡಿಸುವಷ್ಟರಲ್ಲಿ ಆಗಲೇ ಕಾರು ಹತ್ತಿ ಕೂತಿದ್ದ ನನ್ನ ಹೆಂಡತಿಯ ಸ್ವರ ಒಳಗಿನಿಂದ ಬಂತು.

“ಅಯ್ಯೋ, ಅವರಿಗೆ ಮೊನ್ನೆಯೇ ಹೇಳಿ ಆಯ್ತಲ್ಲ!”

ಮುದೀರರಿಗೆ ಕೂರಲಿಕ್ಕೆ ಆಗ ನಿಜವಾಗಿ ಒಂದು ಕುರ್ಚಿ ಬೇಕಾಯಿತು.